ಗಾಳಿಯವರಿಗೆ, ಎಂಟು ಬ್ಲಾಕುಗಳ ವಿಷಯವಾಗಿ

ಮಾನ್ಯ ಗಾಳಿಯವರೇ,

ತಾವು ಈ ಹೊತ್ತು ಯಾವ ದಿಕ್ಕಿನಲ್ಲಿದ್ದೀರೆಂದು ತಿಳಿಯದ ಕಾರಣ ನಿಂತಲ್ಲೇ ಒಂದು ಸುತ್ತು ತಿರುಗಿ ಮಾಡಿದ ನನ್ನ ನಮಸ್ಕಾರದಲ್ಲಿ ತಮ್ಮ ಕಡೆಗೆ ಬಂದಷ್ಟನ್ನು ತಾವು ಸ್ವೀಕರಿಸಬೇಕೆಂದೂ, ಮಿಕ್ಕದ್ದನ್ನು ದಾರಿಯಲ್ಲಿ ಸಿಕ್ಕವರಿಗೆ ಕೊಟ್ಟುಬಿಡಬೇಕೆಂದೂ ವಿನಂತಿಸುತ್ತೇನೆ. ಇದನ್ನು ಬಹಿರಂಗ ಪತ್ರವಾಗಿ ಬರೆಯುತ್ತಿರುವುದಕ್ಕೆ ನನ್ನ ಧೈರ್ಯ ಕಾರಣವಲ್ಲ. ತಮ್ಮ ವಿಳಾಸ ಯಾರಲ್ಲೂ ಇಲ್ಲ, ಮತ್ತು ಅಂಟಿಸಿದ ಲಕೋಟೆಯೊಳಗೆ ತಾವು ಹೋಗಲಾರಿರಿ.

ಇಂದು ಬೆಳಿಗ್ಗೆ ಏಳೂವರೆಗೆ ನಾನು ಹಲ್ಲಿನ ಡಾಕ್ಟರ ಕಟ್ಟಡದ ತಾರಸಿ ಹತ್ತಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಓರೆಯಾಗಿ ನಿಂತ ಆಂಟೆನಾ ಅಲ್ಲ, ಅದರ ಬುಡದಲ್ಲಿ ಬಿಟ್ಟುಹೋಗಿದ್ದ ಒಂದು ಚೌಕದ ಸ್ವಚ್ಛವಾದ ಗುರುತು. ತಾರಸಿಯ ಉಳಿದ ಭಾಗವೆಲ್ಲ ಧೂಳಿನಿಂದ ಬೂದುಬಣ್ಣವಾಗಿತ್ತು, ಅಷ್ಟು ಜಾಗ ಮಾತ್ರ ಈಗಷ್ಟೇ ಒರೆಸಿಟ್ಟಂತೆ ಬೆಳ್ಳಗಿತ್ತು, ಮತ್ತು ಅದರ ನಾಲ್ಕು ಮೂಲೆಗಳಿಂದ ನಾಲ್ಕು ಕಪ್ಪು ಗೆರೆಗಳು ಹೊರಟು ಕಬ್ಬಿಣದ ಚೌಕಟ್ಟು ಈಗ ಇರುವಲ್ಲಿಗೆ ಹೋಗಿ ನಿಂತಿದ್ದವು. ಸ್ಕೇಲಿಟ್ಟು ಅಳೆದೆ. ಅತಿ ಉದ್ದದ ಗೆರೆ ಇಪ್ಪತ್ತೆರಡು ಸೆಂಟಿಮೀಟರ್, ಅಂದರೆ ನನ್ನ ಕೈಯಲ್ಲಿ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಕೆಳಗಿನ ರಬ್ಬರ್ ಹಾಸನ್ನು ತಾವು ಎಲ್ಲಿಯೂ ಹರಿಯದೆ, ಗೆರೆಯನ್ನು ಎಲ್ಲಿಯೂ ಅಂಕುಡೊಂಕಾಗಿಸದೆ ಎಳೆದಿರುವ ಅಚ್ಚುಕಟ್ಟುತನವನ್ನು ಕಂಡು, ದೂರು ಬರೆಯಲು ಹೋದವಳಿಗೆ ಒಂದು ಕ್ಷಣ ಮೆಚ್ಚುಗೆಪತ್ರವನ್ನೇ ಬರೆಯಬೇಕೆನಿಸಿತು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ತಮಗೆ ದಿನಕ್ಕೆ ಸಾವಿರಾರು ತಾರಸಿಗಳ ಕೆಲಸವಿರುವುದರಿಂದ ಈ ಒಂದನ್ನು ನೆನಪಿಸಿಕೊಡುವುದು ನನ್ನ ಕರ್ತವ್ಯ. ಟೈರ್ ಅಂಗಡಿಯ ಹಿಂಭಾಗದಲ್ಲಿ, ತಗಡಿನ ಸೂರಿನ ಕೆಳಗೆ, ಆಂಟೆನಾ ನಿಲ್ಲಿಸುವ ಚೌಕಟ್ಟುಗಳನ್ನು ತಯಾರಿಸುವ ಒಂದು ವರ್ಕ್‌ಶಾಪ್ ಇದೆ. ಆ ಸೂರಿನ ಮೂಲೆಯೊಂದನ್ನು ತಾವು ವರ್ಷಕ್ಕೆರಡು ಸಲ ಎತ್ತಿ ನೋಡುತ್ತೀರಿ. ಅಲ್ಲಿ ನಾನು, ಚೌಕಟ್ಟುಗಳ ಜೊತೆ ಹೋಗುವ ಸೂಚನೆಗಳನ್ನು ಓದುವವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯುವ ಕೆಲಸಕ್ಕಿದ್ದೇನೆ. ನಾನು ಓದಿದ್ದು ಸಾಹಿತ್ಯ. ಪದವಿಯ ತರಗತಿಗಳಲ್ಲಿ ತಮ್ಮನ್ನು ಎಲರು, ತಂಗಾಳಿ, ಮಂದಮಾರುತ ಎಂಬ ಹೆಸರುಗಳಿಂದ ಪರಿಚಯಿಸಲಾಗಿತ್ತು, ಆದ್ದರಿಂದ ತಾವು ಹೂವಿನ ವಾಸನೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಮತ್ತು ವಿರಹಿಗಳಿಗೆ ಸಣ್ಣಪುಟ್ಟ ತೊಂದರೆ ಕೊಡುವ ಇಲಾಖೆಯವರೆಂದೇ ನಾನು ನಂಬಿದ್ದೆ. ತಮ್ಮನ್ನು ಕಿಲೋಗಳಲ್ಲಿ ತೂಗಬಹುದೆಂದು ನನಗೆ ಯಾವ ಅಧ್ಯಾಪಕರೂ ಹೇಳಿರಲಿಲ್ಲ.

ಅದನ್ನು ಹೇಳಿದ್ದು ನಮ್ಮ ಇಂಜಿನಿಯರ್ ಮೇಡಂ. ಕೆಲಸಕ್ಕೆ ಸೇರಿದ ಮೊದಲ ವಾರ ಅವರು ನನ್ನನ್ನು ಕೂರಿಸಿಕೊಂಡು, ಒಂದು ಹಾಳೆಯಲ್ಲಿ ಕಟ್ಟಡವನ್ನೂ ಅದರ ನೆತ್ತಿಯ ಮೇಲೆ ಬಾಗಿ ಬರುವ ಬಾಣದ ಗುರುತುಗಳನ್ನೂ ಬರೆದು, "ಗಾಳಿ ವೇಗ ಎರಡರಷ್ಟಾದ್ರೆ ಅದು ತಳ್ಳೋ ಬಲ ನಾಲ್ಕರಷ್ಟಾಗತ್ತೆ, ಮೂರರಷ್ಟಾದ್ರೆ ಒಂಬತ್ತರಷ್ಟು, ಅದಕ್ಕೆ ನ್ಯಾಯ ಅನ್ನೋದು ಇಲ್ಲ" ಎಂದು ವಿವರಿಸಿದರು. ತಾರಸಿಯ ನಡುವೆ ಸಾಧುವಾಗಿರುವ ತಾವು ಅಂಚಿನಲ್ಲಿ, ಅದರಲ್ಲೂ ಮೂಲೆಯಲ್ಲಿ, ಪ್ಯಾರಾಪೆಟ್ ಗೋಡೆಯನ್ನು ಹತ್ತಿ ಇಳಿಯುವಾಗ ಸುಳಿದು ಬಿರುಸಾಗುತ್ತೀರೆಂದೂ ಅವರೇ ತಿಳಿಸಿದರು. ಅಂದಿನಿಂದ ನಾನು ರಸ್ತೆಯಲ್ಲಿ ಹೋಗುವಾಗ ಮನುಷ್ಯರ ಮುಖಗಳನ್ನು ನೋಡುವುದನ್ನು ಬಿಟ್ಟು ತಾರಸಿಗಳನ್ನು ನೋಡತೊಡಗಿದ್ದೇನೆ. ಮುಖಗಳನ್ನು ನೋಡುವುದು ನನಗೆ ಮೊದಲಿನಿಂದಲೂ ಕಷ್ಟವಾದ್ದರಿಂದ ಇದನ್ನು ತಮ್ಮಿಂದಾದ ಉಪಕಾರಗಳ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಇನ್ನು ಹಲ್ಲಿನ ಡಾಕ್ಟರ ತಾರಸಿಯ ವಿಚಾರ. ಅವರ ಕಟ್ಟಡಕ್ಕೆ ಇಂಟರ್ನೆಟ್ ಬರುವುದು ಎದುರಿನ ಗುಡ್ಡದ ಟವರಿನಿಂದ, ಮತ್ತು ಆ ಟವರಿಗೆ ಮುಖಮಾಡಿದ ಹಳೆಯ ಆಂಟೆನಾವನ್ನು ಹಿಂದೆ ಬೇರೆ ಯಾರೋ ತಾರಸಿಗೆ ನಾಲ್ಕು ತೂತು ಕೊರೆದು, ನಾಲ್ಕು ಬೋಲ್ಟು ಬಿಗಿದು ನಿಲ್ಲಿಸಿ ಹೋಗಿದ್ದರು. ಎರಡು ವರ್ಷ ಸುಮ್ಮನಿದ್ದ ಆ ತೂತುಗಳು ಮೂರನೆಯ ವರ್ಷದಿಂದ ಡಾಕ್ಟರ ಹೆಂಡತಿ ಮಲಗುವ ಮಂಚದ ಮೇಲೆ ತೊಟ್ಟಿಕ್ಕತೊಡಗಿ, ಟಾರು ಮೆತ್ತಿದರೂ ಸಿಮೆಂಟು ತುಂಬಿದರೂ ನಿಲ್ಲದೆ, ಕಡೆಗೆ ಮಂಚವೇ ಕೋಣೆ ಬದಲಿಸಬೇಕಾಯಿತು. ಹೊಸ ಆಂಟೆನಾದ ಮಾತೆತ್ತಿದಾಗ ಡಾಕ್ಟರು ನಮ್ಮ ವರ್ಕ್‌ಶಾಪಿನ ಯಜಮಾನರಿಗೆ, "ನೋಡಿ, ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಕೊರೆಯೋ ಮನುಷ್ಯ. ಒಂದು ಸಲ ಕೊರೆದ ಜಾಗ ಮೊದಲಿನ ಹಾಗೆ ಆಗಲ್ಲ, ಏನು ತುಂಬಿಸಿದ್ರೂ ಆಗಲ್ಲ, ಈ ಮಾತನ್ನ ಪೇಷಂಟ್‌ಗಳ ಹತ್ರ ಹೇಳೋಕಾಗಲ್ಲ, ನಿಮ್ಮ ಹತ್ರ ಹೇಳ್ತಿದ್ದೀನಿ" ಎಂದರಂತೆ.

ಹೀಗೆ ಹುಟ್ಟಿದ್ದು ನಮ್ಮ ತೂತಿಲ್ಲದ ಚೌಕಟ್ಟು. ನಡುವೆ ಆಂಟೆನಾದ ಕಂಬ, ಸುತ್ತ ಒಂದೂವರೆ ಮೀಟರಿನ ಕಬ್ಬಿಣದ ಚೌಕ, ನಾಲ್ಕು ಮೂಲೆಗೆ ನಾಲ್ಕು ಟ್ರೇ, ಕೆಳಗೆ ತಾರಸಿ ಗೀಚದಂತೆ ರಬ್ಬರ್ ಹಾಸು. ಬೋಲ್ಟಿನ ಬದಲು ಭಾರ. ಟ್ರೇಗಳಲ್ಲಿ ಹತ್ತು ಹತ್ತು ಕಿಲೋದ ಸಿಮೆಂಟ್ ಬ್ಲಾಕುಗಳನ್ನು ಜೋಡಿಸಿದರೆ ಅವುಗಳ ತೂಕವೇ ಆಂಟೆನಾವನ್ನು ಹಿಡಿದು ನಿಲ್ಲಿಸುತ್ತದೆ. ಬ್ಲಾಕು ಕಡಿಮೆಯಾದರೆ ತಾವು ತಳ್ಳುತ್ತೀರಿ, ವಿಪರೀತವಾದರೆ ತಾರಸಿ ಬಾಗುತ್ತದೆ. ಈ ಎರಡರ ನಡುವಿನ ದಾರಿ ಎಷ್ಟು ಕಿರಿದೆಂದರೆ ಇಂಜಿನಿಯರ್ ಮೇಡಂ ಅದನ್ನು ಕಂಡುಹಿಡಿಯಲು ನಾಲ್ಕು ತಿಂಗಳು ಕೂತರು. ಕಡೆಗೆ ಪ್ರತಿ ಟ್ರೇಗೆ ಎಂಟರ ಹಾಗೆ ಮೂವತ್ತೆರಡು ಬ್ಲಾಕು, ಮುನ್ನೂರಿಪ್ಪತ್ತು ಕಿಲೋ ಎಂದು ಗೊತ್ತುಮಾಡಿದರು.

ಇವರ ಭಾಷೆಯಲ್ಲಿ ಆ ಭಾರಕ್ಕೆ ಬ್ಯಾಲಸ್ಟ್ ಎಂದು ಹೆಸರು. ನಾನು ನಿಘಂಟು ತೆರೆದು 'ನಿಲುಭಾರ' ಎಂಬ ಪದವನ್ನು ಹುಡುಕಿ ತೆಗೆದೆ, ಮತ್ತು ಅದನ್ನು ನೋಡಿ ಅರ್ಧ ದಿನ ಸಂತೋಷವಾಗಿದ್ದೆ. ನಿಲುಭಾರ ಎಂದರೆ ತಾನು ನಿಂತು ಇನ್ನೊಂದನ್ನು ನಿಲ್ಲಿಸುವ ಭಾರ. ಈ ಪದವನ್ನು ಮೊದಲು ಓದಿ ಹೇಳಿದ್ದು ನಮ್ಮ ಹಿರಿಯ ಫಿಟ್ಟರಿಗೆ. ಅವರನ್ನು ವರ್ಕ್‌ಶಾಪಿನಲ್ಲಿ ಎಲ್ಲರೂ ಮಟ್ಟದಣ್ಣ ಎನ್ನುತ್ತಾರೆ, ಏಕೆಂದರೆ ಅವರ ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ರಸಮಟ್ಟ ಸದಾ ಇರುತ್ತದೆ, ಮತ್ತು ಅವರು ಅದನ್ನು ಟೀ ಕುಡಿಯುವ ಬೆಂಚಿನ ಮೇಲೂ ಇಟ್ಟು, ನಡುವಿನ ಗುಳ್ಳೆ ಸರಿಯಾದ ಗೆರೆಗೆ ಬಂದ ಮೇಲೆಯೇ ಕೂರುತ್ತಾರೆ. ಅವರು ಪದವನ್ನು ಎರಡು ಸಲ ಬಾಯಲ್ಲಿ ಹೊರಳಿಸಿ, "ನಿಂತ್ಕೊಂಡೇ ಹೊರೋ ಭಾರಾನಾಮ್ಮಾ? ಹಂಗಾದ್ರೆ ಅದು ನಾನೇ, ಇಪ್ಪತ್ತೆರಡು ವರ್ಷದಿಂದ ಇಲ್ಲಿ ಯಾರೂ ಕೂತ್ಕೋ ಅಂದಿಲ್ಲ" ಎಂದರು.

ಮಟ್ಟದಣ್ಣನಿಗೆ ಈ ಹೊಸ ಚೌಕಟ್ಟಿನ ಬಗ್ಗೆ ಸಮಾಧಾನವಿರಲಿಲ್ಲ. ಅಷ್ಟು ವರ್ಷ ಡ್ರಿಲ್ ಹಿಡಿದ ಕೈ. "ಬೋಲ್ಟ್ ಹಾಕ್ದೆ ಬಿಟ್ಟು ಬರೋದು ಅಂದ್ರೆ, ಕೈ ಹಿಡೀದೆ ಮಗೂನ ರಸ್ತೆ ದಾಟಿಸಿದಂಗೆ ಆಗ್ತದಮ್ಮಾ" ಎಂದು ನನ್ನ ಮೇಜಿನ ಹತ್ತಿರ ಬಂದು ಹೇಳಿದ್ದರು. ಆದರೂ ಹೇಳಿದ ಕೆಲಸವನ್ನು ಹೇಳಿದಂತೆ ಮಾಡುವವರು, ಮತ್ತು ನಾನು ಬರೆದ ಸೂಚನೆಗಳನ್ನು ಅಕ್ಷರದ ಕೆಳಗೆ ಬೆರಳಿಟ್ಟು ಕೊನೆಯವರೆಗೆ ಓದುತ್ತಿದ್ದ ಏಕೈಕ ಮನುಷ್ಯರು. ಉಳಿದ ಫಿಟ್ಟರುಗಳು ನನ್ನ ಸೂಚನಾಪತ್ರಗಳನ್ನು ಕೈಯ ಗ್ರೀಸ್ ಒರೆಸಲು ಬಳಸುತ್ತಾರೆ. ಕಾಗದ ಒಳ್ಳೆಯದು, ಚೆನ್ನಾಗಿ ಹೀರುತ್ತದೆ ಎಂದು ಅವರೇ ಹೊಗಳಿದ್ದಾರೆ.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಚೌಕಟ್ಟು ನಿಲ್ಲಿಸಿ ಮೂರು ವಾರವಾಗಿತ್ತು. ಕಳೆದ ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಎಲ್ಲರೂ ಕಾಲು ಚಾಚಿದ್ದ ಹೊತ್ತಿನಲ್ಲಿ, ಯಾವ ನೋಟೀಸೂ ಕೊಡದೆ, ಇಷ್ಟೇ ವೇಗದಲ್ಲಿ ಬರುತ್ತೇನೆಂದು ತಿಳಿಸದೆ ತಾವು ಆ ತಾರಸಿಗೆ ದಯಮಾಡಿಸಿ, ಚೌಕಟ್ಟನ್ನು ಜಾಗದಿಂದ ಸರಿಸಿ, ಸ್ವಲ್ಪ ತಿರುಗಿಸಿ, ಒಂದು ಮೂಲೆಯನ್ನು ಪ್ಯಾರಾಪೆಟ್ ಗೋಡೆಗೆ ಒರಗಿಸಿಟ್ಟು ಹೋಗಿದ್ದೀರಿ. ಆ ಗೋಡೆ ಮೊಣಕಾಲೆತ್ತರದ್ದು. ಅದರ ನೇರ ಕೆಳಗೆ, ಡಾಕ್ಟರ ಬಾಗಿಲ ಪಕ್ಕದಲ್ಲಿ, ಸರದಿಗೆ ಕಾಯುವವರು ಕೂರುವ ಕಲ್ಲುಬೆಂಚಿದೆ. ಭಾನುವಾರವಾದ್ದರಿಂದ ಬೆಂಚು ಖಾಲಿಯಿತ್ತು. ತಾವು ವಾರ ನೋಡಿಕೊಂಡೇ ಬಂದಿರಿ ಎಂದು ನಂಬಲು ನನಗೆ ಇಷ್ಟ. ಸೋಮವಾರ ಇಂಟರ್ನೆಟ್ ಬರಲಿಲ್ಲವೆಂದು ಡಾಕ್ಟರು ಮೇಲೆ ಹತ್ತಿ ನೋಡಿ, ನಮ್ಮ ಯಜಮಾನರಿಗೆ ಫೋನು ಮಾಡಿ, "ತೂತು ಹೊಡೀಬೇಡಿ ಅಂದೆ, ಸರಿ. ವಾಕಿಂಗ್ ಹೋಗೋ ಆಂಟೆನಾ ಕೊಡಿ ಅಂತ ನಾನು ಕೇಳಿರಲಿಲ್ಲ" ಎಂದರು.

ಯಜಮಾನರು ಹೋಗಿ ನೋಡಿದಾಗ ಟ್ರೇಗಳಲ್ಲಿ ಎರಡೆರಡೇ ಬ್ಲಾಕುಗಳಿದ್ದವು. ಒಟ್ಟು ಎಂಟು. ಮುನ್ನೂರಿಪ್ಪತ್ತರ ಬದಲು ಎಂಬತ್ತು ಕಿಲೋ. ಮಂಗಳವಾರ ಬೆಳಿಗ್ಗೆ ಮಟ್ಟದಣ್ಣನನ್ನು ಆಫೀಸಿಗೆ ಕರೆಸಿ, ಚೌಕಟ್ಟಿನ ಮೇಲೆ ಅಂಟಿಸುವ ಅಂಗೈಯಗಲದ ಹಳದಿ ಸ್ಟಿಕ್ಕರನ್ನು ಮೇಜಿನ ಮೇಲೆ ಇಟ್ಟರು. ಬ್ಲಾಕುಗಳ ಲೆಕ್ಕ ಇರುವುದು ಅದರಲ್ಲಿ ಮಾತ್ರ, ಫಿಟ್ಟರುಗಳು ಗೋದಾಮಿನಿಂದ ಬ್ಲಾಕು ಎಣಿಸಿ ಒಯ್ಯುವುದೂ ಅದನ್ನು ನೋಡಿಯೇ. ಅದರ ಮೇಲೆ ನಾನು ಬರೆದ ಒಂದೇ ವಾಕ್ಯವಿದೆ. 'ನಾಲ್ಕು ಮೂಲೆಗೂ ಎಂಟು ಬ್ಲಾಕ್ ಇಡಿ.' ಯಜಮಾನರು ಅದನ್ನು ಎತ್ತಿದ ದನಿಯಲ್ಲಿ ಓದಿ, "ಇಷ್ಟು ಸ್ಪಷ್ಟವಾಗಿ ಬರೆದಿದೆಯಲ್ಲಯ್ಯ, ಇದಕ್ಕಿಂತ ಇನ್ನೇನು ಬರೀಬೇಕಿತ್ತು" ಎಂದರು. ಮಟ್ಟದಣ್ಣ ಬಗ್ಗಿ, ಬೆರಳಿಟ್ಟು, ಇನ್ನೊಂದು ಸಲ ಓದಿ, "ನಾನೂ ಇದನ್ನೇ ಓದಿದ್ದು ಸಾರ್" ಎಂದರು.

ಮಾನ್ಯರೇ, ಆ ಕ್ಷಣದಲ್ಲಿ, ಪಕ್ಕದ ಮೇಜಿನಲ್ಲಿ ತಲೆ ತಗ್ಗಿಸಿ ಕೂತಿದ್ದ ನನಗೆ ಇಬ್ಬರೂ ಸರಿಯಾಗಿಯೇ ಓದುತ್ತಿದ್ದಾರೆಂದು ಹೊಳೆಯಿತು. ಒಬ್ಬರ ಕಿವಿಗೆ ಅದು ಒಂದೊಂದು ಮೂಲೆಗೂ ಎಂಟು, ಇನ್ನೊಬ್ಬರ ಕಿವಿಗೆ ನಾಲ್ಕೂ ಮೂಲೆ ಸೇರಿ ಎಂಟು. ನನ್ನ ಮೊದಲ ಕರಡಿನಲ್ಲಿ 'ಎಂಟೆಂಟು' ಎಂದಿತ್ತು. ಸ್ಟಿಕ್ಕರಿನ ಅಗಲಕ್ಕೆ ವಾಕ್ಯ ಒಗ್ಗದೆ ಕೊನೆಯ 'ಇಡಿ' ಎರಡನೆಯ ಸಾಲಿಗೆ ಜಾರಿ ಒಂಟಿಯಾಗಿ ಕೂತಿತ್ತು, ಅದು ನೋಡಲು ಚೆನ್ನಾಗಿರಲಿಲ್ಲ. ಅಲ್ಲದೆ ಎಂಟನ್ನು ಎರಡು ಸಲ ಹೇಳುವುದು ತೊದಲಿದಂತೆ ಕಂಡಿತು. ಹೊಸಬರ ಮುಂದೆ ನಾನೂ ತೊದಲುತ್ತೇನೆ, ಆದ್ದರಿಂದ ಬರವಣಿಗೆಯಲ್ಲಾದರೂ ಹಾಗಾಗಬಾರದೆಂದು ಒಂದು ಎಂಟನ್ನು ಹೊಡೆದುಹಾಕಿದೆ. ಸಾಲು ನೆಟ್ಟಗೆ ನಿಂತಿತು. ತಾರಸಿಯ ಮೇಲಿಂದ ಇನ್ನೂರನಲವತ್ತು ಕಿಲೋ ಇಳಿದುಹೋಯಿತು.

ಇದನ್ನು ಇನ್ನಷ್ಟು ರುಚಿಕರವಾಗಿಸುವ ಸಂಗತಿಯೆಂದರೆ, ಪದವಿಯ ವ್ಯಾಕರಣದ ಪತ್ರಿಕೆಯಲ್ಲಿ ನನಗೆ ಅತಿ ಹೆಚ್ಚು ಅಂಕ ಬಂದದ್ದು ದ್ವಿರುಕ್ತಿಯ ಪ್ರಶ್ನೆಗೆ. 'ಮನೆಮನೆಗೆ ಎಂದರೆ ಒಂದು ಮನೆಗೂ ಅಲ್ಲ, ಎರಡು ಮನೆಗೂ ಅಲ್ಲ, ಒಂದನ್ನೂ ಬಿಡದೆ ಪ್ರತಿಯೊಂದು ಮನೆಗೆ' ಎಂದು ಉದಾಹರಣೆಸಹಿತ ಬರೆದಿದ್ದೆ. ನಮ್ಮ ಭಾಷೆ ಒಂದು ಮಾತನ್ನು ಎರಡು ಸಲ ಹೇಳುವುದು ಹೇಳಲು ಬೇರೇನೂ ತೋಚದೆ ಅಲ್ಲ, ಭಾರ ಇಡುವುದಕ್ಕೆ ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ತಾವು ಅದನ್ನು ತಾರಸಿಯ ಮೇಲೆ ಪ್ರಾತ್ಯಕ್ಷಿಕೆಯ ಮೂಲಕ ಮತ್ತೊಮ್ಮೆ ಪಾಠ ಮಾಡಿದ್ದೀರಿ.

ಕರಡು ತಿದ್ದಿದ ಮಾತ್ರಕ್ಕೆ ನನ್ನ ಪಾಲು ಮುಗಿಯಲಿಲ್ಲ. ಚೌಕಟ್ಟು ನಿಲ್ಲಿಸಿದ ದಿನ ಮಟ್ಟದಣ್ಣ ಆ ತಾರಸಿಯಿಂದಲೇ ಆಫೀಸಿಗೆ ಫೋನು ಮಾಡಿದ್ದರು. ಇಂಜಿನಿಯರ್ ಮೇಡಂ ಊರಿನಲ್ಲಿರಲಿಲ್ಲ, ಇಂದಿಗೂ ಬಂದಿಲ್ಲ. ಫೋನು ಎತ್ತಿದ್ದು ನಾನು. ನನಗೆ ಫೋನಿನಲ್ಲಿ ಮಾತನಾಡುವುದೆಂದರೆ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದಂತೆ, ಯಾವಾಗ ಕೆಳಗಿಡುತ್ತೇನೋ ಎಂಬುದೊಂದೇ ಯೋಚನೆ. "ಟ್ರೇ ಎಲ್ಲಾ ಖಾಲಿ ಖಾಲಿ ಕಾಣ್ತವಮ್ಮಾ, ಎಂಟೇ ತಾನೇ?" ಎಂದು ಅವರು ಕೇಳಿದರು. ಆ ಬದಿಯಲ್ಲಿ ತಾವು ಬೀಸುತ್ತಿದ್ದ ಸದ್ದೂ ಕೇಳಿಸುತ್ತಿತ್ತು, ಆದ್ದರಿಂದ ತಾವೇ ಇದಕ್ಕೆ ಸಾಕ್ಷಿ. "ಹೌದಣ್ಣ, ಎಂಟೇ" ಎಂದು ಹೇಳಿ ಇಟ್ಟುಬಿಟ್ಟೆ. ಯಾವುದರ ಎಂಟು ಎಂದು ಕೇಳಲು ಇನ್ನು ಐದು ಸೆಕೆಂಡು ಸಾಕಾಗುತ್ತಿತ್ತು. ಫೋನಿನ ಪಟ್ಟಿಯಲ್ಲಿ ಆ ಕರೆ ಇನ್ನೂ ಇದೆ, ಹತ್ತೊಂಬತ್ತು ಸೆಕೆಂಡು.

ಮಂಗಳವಾರ ಯಜಮಾನರು, "ಅನುಮಾನ ಬಂದಿದ್ರೆ ಯಾರನ್ನಾದ್ರೂ ಒಂದು ಮಾತು ಕೇಳ್ಬೇಕಿತ್ತಲ್ಲ" ಎಂದಾಗ, ಮಟ್ಟದಣ್ಣ ನನ್ನ ಕಡೆ ನೋಡಲಿಲ್ಲ. ಗೋಡೆಯ ಗಡಿಯಾರವನ್ನು ನೋಡುತ್ತಾ, "ಕೇಳ್ಲಿಲ್ಲ ಸಾರ್. ತಪ್ಪಾಯ್ತು" ಎಂದರು. ಆಮೇಲೆ ಕುಡಿಯುವ ನೀರಿನ ಡ್ರಮ್ಮಿನ ಹತ್ತಿರ ಸಿಕ್ಕಾಗ ನಾನು ಏನೋ ಹೇಳಲು ಹೋಗಿ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಅವರು ಲೋಟವನ್ನು ಮಗುಚಿಟ್ಟು, "ಬಿಡಿಮ್ಮಾ. ಬೈಸ್ಕೊಳೋದು ನಂಗೆ ರೂಢಿ, ನಿಮಗಿನ್ನೂ ಇಲ್ಲ. ಕಲಿಯೋದೇನೂ ಅವಸರ ಇಲ್ಲ" ಎಂದು ಹೇಳಿ ಹೋದರು. ಬೈಗುಳದಲ್ಲಿ ಮುಗಿಯುವ ವಿಷಯ ಇದಲ್ಲವೆಂದು ಅವರಿಗೂ ಗೊತ್ತಿತ್ತು, ಏಕೆಂದರೆ ಅವರನ್ನು ಕೆಲಸದಿಂದ ತೆಗೆಯುವ ಮಾತನ್ನು ಯಜಮಾನರು ಅಷ್ಟರಲ್ಲಿ ಎರಡು ಸಲ ಆಡಿದ್ದರು.

ಈ ವಿಚಾರಣೆಯ ವರದಿಯನ್ನು ಬರೆಯುವ ಕೆಲಸ ಬಂದದ್ದು ನನಗೆ. ಇಂದು ಸಂಜೆ ನಾಲ್ಕಕ್ಕೆ ಸಭೆ. ಡಾಕ್ಟರೂ ಬರುತ್ತಾರೆ. ಕಾರಣಗಳು ಎಂಬ ತಲೆಬರಹದ ಕೆಳಗೆ ಏನಿರಬೇಕೆಂದು ಯಜಮಾನರು ನಿನ್ನೆಯೇ ಹೇಳಿಕೊಟ್ಟಿದ್ದಾರೆ. "ಒಂದು, ಅನಿರೀಕ್ಷಿತ ಗಾಳಿ. ಎರಡು, ಫಿಟ್ಟರನ ನಿರ್ಲಕ್ಷ್ಯ. ಸ್ವಲ್ಪ ಗಂಭೀರವಾಗಿ ಬರೀರಿ, ನಿಮಗೆ ಭಾಷೆ ಇದೆ." ಮೂರನೆಯ ಕಾರಣಕ್ಕೆಂದು ಅವರು ಜಾಗ ಬಿಟ್ಟಿಲ್ಲ. ಆದರೆ ಗೋದಾಮಿನಲ್ಲಿ ಅದೇ ಹಳದಿ ಸ್ಟಿಕ್ಕರ್ ಅಂಟಿಸಿಕೊಂಡ ಇನ್ನು ಹನ್ನೊಂದು ಚೌಕಟ್ಟುಗಳು ಮುಂದಿನ ವಾರ ಹನ್ನೊಂದು ತಾರಸಿಗಳಿಗೆ ಹೊರಡಲು ಸಿದ್ಧವಾಗಿ ನಿಂತಿವೆ, ಮತ್ತು ಅವುಗಳನ್ನು ನಿಲ್ಲಿಸಲು ಹೋಗುವವರು, ಮಟ್ಟದಣ್ಣ ಇಲ್ಲದಿದ್ದರೆ, ಫೋನು ಮಾಡಿ ಕೇಳುವವರಲ್ಲ.

ಆದ್ದರಿಂದ ಮೊದಲನೆಯ ಆರೋಪಿಯಾದ ತಮ್ಮಲ್ಲಿ ನನ್ನ ಬೇಡಿಕೆಗಳಿವು. ತಾವು ಇನ್ನು ಮುಂದೆ ಯಾವುದೇ ತಾರಸಿಗೆ ಹೋಗುವ ಮುನ್ನ ಎಂಟು ದಿನ ಮೊದಲು ಬರವಣಿಗೆಯಲ್ಲಿ ತಿಳಿಸತಕ್ಕದ್ದು. ಈ ಎಂಟು ಒಟ್ಟು ಎಂಟೇ, ತಾರಸಿಗೆ ಎಂಟೆಂಟಲ್ಲ. ಸಾಧ್ಯವಾದರೆ ಒಂದೇ ದಿಕ್ಕಿನಿಂದ ಬೀಸುವ ಅಭ್ಯಾಸ ಮಾಡಿಕೊಳ್ಳಬೇಕು, ಆಗ ನಮ್ಮ ಇಂಜಿನಿಯರ್ ಮೇಡಂ ಮೂರು ಮೂಲೆಗಳನ್ನು ಉಳಿಸಿಕೊಂಡು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ವೇಗವನ್ನು ಎರಡರಷ್ಟು ಮಾಡಿದಾಗ ಬಲವನ್ನೂ ಎರಡರಷ್ಟೇ ಮಾಡುವ ಒಂದು ಸರಳ ತಿದ್ದುಪಡಿಯನ್ನು ತಮ್ಮ ನಿಯಮಾವಳಿಗೆ ತರಲು ಬರುತ್ತದೆಯೇ ಎಂದು ಪರಿಶೀಲಿಸಬೇಕು. ನಮ್ಮ ಭಾಷೆ ತಮ್ಮ ಹೆಸರನ್ನು ಗಾಳಿಮಾತು, ಗಾಳಿಸುದ್ದಿ, ಗಾಳಿಗೋಪುರ ಎಂದು ಹುರುಳಿಲ್ಲದ ವಸ್ತುಗಳಿಗೆಲ್ಲ ಅಂಟಿಸಿದ್ದಕ್ಕೆ ಬೇಸರವಾಗಿ ತಾವು ಹೀಗೆ ಮಾಡಿದ್ದಾದರೆ, ಭಾಷೆಯ ಪರವಾಗಿ ನಾನು ಕ್ಷಮೆ ಕೋರುತ್ತೇನೆ. ಮತ್ತು ಇಂದು ನಾಲ್ಕು ಗಂಟೆಗೆ ತಾವು ಖುದ್ದಾಗಿ ಹಾಜರಾಗಿ, ಆ ದಿನ ಫೋನಿನಲ್ಲಿ ಕೇಳಿಸಿಕೊಂಡ ಹತ್ತೊಂಬತ್ತು ಸೆಕೆಂಡುಗಳನ್ನು ಸಭೆಯ ಮುಂದೆ ಹೇಳಿದರೆ, ನಾನು ಬಾಯಿ ತೆರೆಯುವ ಪ್ರಸಂಗ ಬರುವುದಿಲ್ಲ.

ಕೊನೆಯ ಬೇಡಿಕೆಯನ್ನು ತಾವು ನಡೆಸಿಕೊಡಲಾರಿರಿ ಎಂಬುದು ನನಗೆ ಗೊತ್ತು. ತಮ್ಮ ಮೇಲಿನ ಆರೋಪವನ್ನು ಮನಸ್ಸಿನಲ್ಲೇ ವಿಚಾರಣೆ ಮಾಡಿದಾಗಲೂ ನನ್ನ ಕೈಗೆ ಹೆಚ್ಚೇನೂ ಸಿಗಲಿಲ್ಲ. ತಾವು ಬರುತ್ತೀರೆಂದು ತಿಳಿದೇ ನಾಲ್ಕು ತಿಂಗಳು ಲೆಕ್ಕ ಹಾಕಲಾಗಿತ್ತು. ಆದ್ದರಿಂದ ತಾವು ಅನಿರೀಕ್ಷಿತರಲ್ಲ, ಈ ಇಡೀ ಯೋಜನೆಯಲ್ಲಿ ನಿರೀಕ್ಷಿಸಿದ ಹಾಗೆಯೇ ನಡೆದುಕೊಂಡ ಪಕ್ಷ ತಮ್ಮದೊಂದೇ. ಮಟ್ಟದಣ್ಣನ ನಿರ್ಲಕ್ಷ್ಯವನ್ನು ಹುಡುಕಿದರೆ ಅಲ್ಲಿ ಸಿಗುವುದು ಒಂದು ಓದು ಮತ್ತು ಒಂದು ಪ್ರಶ್ನೆ. ನಿಜ ಹೇಳಬೇಕೆಂದರೆ ನನ್ನ ವಾಕ್ಯವನ್ನು ನಾನು ಬರೆದಂತೆಯೇ ಓದಿದವರು ತಾವು ಮತ್ತು ಅವರು, ಇಬ್ಬರೇ. ಉಳಿದವರೆಲ್ಲ ಅದನ್ನು ನಾನು ಬರೆಯಬೇಕಾಗಿದ್ದಂತೆ ಓದಿದರು.

ಈ ವಿಷಯವನ್ನು ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಯ ತೋಳನ್ನು ಬಿಚ್ಚುತ್ತಿದ್ದಳು. ಇದು ನನ್ನ ಮೊದಲ ಕೆಲಸ, ಸೇರಿ ಏಳು ತಿಂಗಳು. "ಕೇಳಿದ್ರೆ ಹೇಳು, ಕೇಳ್ದೆ ಇದ್ರೆ ನೀನಾಗಿ ಯಾಕೆ ಹೇಳ್ತೀಯ? ಬಾಯಿ ಬಿಡೇ ಬಾಯಿ ಬಿಡೇ ಅಂತ ಇಪ್ಪತ್ಮೂರು ವರ್ಷ ಬೇಡ್ಕೊಂಡೆ, ಬಂದೋರೆಲ್ಲ ಮೂಗೀನಾ ಅಂತ ಕೇಳಿ ಹೋದ್ರು, ಈಗ ಬಾಯಿ ಬಿಡೋದಕ್ಕೆ ಇದೇ ವಿಷಯ ಸಿಕ್ತಾ ನಿನಗೆ?" ಎಂದಳು. ಆಮೇಲೆ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವಳೇ ಸೂಜಿಯಿಂದ ಕಣ್ಣೆತ್ತದೆ, "ಆ ಮನುಷ್ಯನಿಗೆ ಮನೇಲಿ ಯಾರ್ಯಾರಿದ್ದಾರೆ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಏಳು ತಿಂಗಳಲ್ಲಿ ನಾನು ಅವರನ್ನು ಒಮ್ಮೆಯೂ ಏನನ್ನೂ ಕೇಳಿರಲಿಲ್ಲ, ಕೇಳುತ್ತಿದ್ದುದೆಲ್ಲ ಅವರೇ.

ಹೀಗಾಗಿ, ಮಾನ್ಯರೇ, ತಮ್ಮ ಮೇಲಿನ ಈ ದೂರನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಈ ಪತ್ರ ಬರೆಯುವ ನಡುವೆ ವರದಿಯನ್ನೂ ಬರೆದು ಮುಗಿಸಿದೆ. ಕಾರಣಗಳು ಎಂಬ ತಲೆಬರಹದ ಕೊನೆಯ 'ಗಳು' ತೆಗೆದಿದ್ದೇನೆ, ಏಕೆಂದರೆ ಕೆಳಗೆ ಇರುವುದು ಒಂದೇ: ಸೂಚನೆ ಬರೆದವಳು ಎಂಟೆಂಟು ಎಂಬುದನ್ನು ಎಂಟು ಎಂದು ತಿದ್ದಿದಳು, ಫಿಟ್ಟರು ಫೋನು ಮಾಡಿ ಕೇಳಿದಾಗ ಅದನ್ನೇ ಸರಿಯೆಂದಳು. ಅದರ ಕೆಳಗೆ, ಗೋದಾಮಿನ ಹನ್ನೊಂದು ಚೌಕಟ್ಟುಗಳು ಹೊಸ ಸ್ಟಿಕ್ಕರ್ ಅಂಟಿಸುವವರೆಗೆ ಹೊರಡಕೂಡದು ಎಂದಿದೆ. ಇಂಥ ಕಾಗದಗಳನ್ನು ಯಜಮಾನರು ಆಚೆ ಹೋದಾಗ ಮೇಜಿನ ಮೇಲೆ ಇಟ್ಟು ಬಂದುಬಿಡುವುದು ನನ್ನ ಪದ್ಧತಿ. ಇವತ್ತು ಹಾಗೆ ಇಡುವುದಿಲ್ಲ. ನಾಲ್ಕು ಗಂಟೆಗೆ, ಡಾಕ್ಟರು, ಯಜಮಾನರು, ಮಟ್ಟದಣ್ಣ ಮೂವರೂ ಕೂತ ಮೇಲೆ, ಎದ್ದು ನಿಂತು, ತೊದಲಿದರೂ ಸರಿ, ನಾನೇ ಓದುತ್ತೇನೆ.

ಕಿಟಕಿ ಮುಚ್ಚಿರುವಷ್ಟು ಹೊತ್ತು ಮಾತ್ರ ತಮ್ಮನ್ನು ಪೂರ್ತಿಯಾಗಿ ನಂಬಿರುವ,
ತಮ್ಮ ವಿಶ್ವಾಸಿ,
ಸೂಚನೆ ಬರೆಯುವವಳು

ತಾ.ಕ.: ಒಂದು ಎಂಟು ಕಳೆದುಕೊಂಡ ಆ ಸ್ಟಿಕ್ಕರಿನ ಕರಡು, ಮುದ್ರಣಕ್ಕೆ ಹೋಗುವ ಮುನ್ನ ಯಜಮಾನರು 'ಓದಿ ಒಪ್ಪಿದ್ದೇನೆ' ಎಂದು ಬರೆದು ಹಾಕಿದ ಸಹಿಯೊಂದಿಗೆ, ನನ್ನ ಫೈಲಿನಲ್ಲಿದೆ. ಅದನ್ನು ಸಭೆಯ ಮುಂದೆ ತೆಗೆಯುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ. ನಾಲ್ಕು ಗಂಟೆಗೆ ಆ ಫೈಲು ತೆರೆದ ಕಿಟಕಿಯ ಪಕ್ಕದ ಮೇಜಿನ ಮೇಲೆ ತೆರೆದುಕೊಂಡಿರುತ್ತದೆ. ತಾವು ಹಾಗೇ ಆ ಕಡೆ ಬಂದರೆ ಎಂದು ತಿಳಿಸುತ್ತಿದ್ದೇನೆ, ಅದರ ಮೇಲೆ ನಾನು ಯಾವ ಭಾರವನ್ನೂ ಇಟ್ಟಿರುವುದಿಲ್ಲ.